ಕಹಿಯಿಲ್ಲದ ಸೀಸೆ

ತಾಪ್ಲೆಜುಂಗಿನ ಆ ಗುಡ್ಡದ ಹಳ್ಳಿಯಲ್ಲಿ ಜ್ವರ ಬಂದವರು ಮೊದಲು ಹೋಗುತ್ತಿದ್ದದ್ದು ಫುಂಗ್ಮಾ ಮುದುಕಿಯ ಮನೆಗೆ. ಚಿರೈತೊ ಎಂಬ ಬೆಟ್ಟದ ಗಿಡದ ಕಡ್ಡಿ ನೆನೆಸಿದ ಕಡುಕಹಿ ನೀರನ್ನು ನಲವತ್ತು ವರ್ಷ ಊರಿಗೆ ಕುಡಿಸಿದವಳು ಅವಳು.

ಕಠ್ಮಂಡುವಿನಿಂದ ಡಾಕ್ಟರುಗಳು ಬಂದು ಅದರ ಗುಣ ಪರೀಕ್ಷಿಸುತ್ತೇವೆ ಎಂದಾಗ, ಅವಳೇ ಬೆಟ್ಟ ಹತ್ತಿ ಎರಡು ಬುಟ್ಟಿ ಕಡ್ಡಿ ಕಿತ್ತು ಕೊಟ್ಟಳು. ಅವರು ಜ್ವರದ ಅರವತ್ತು ಜನರಿಗೆ ಸೀಸೆ ಹಂಚಿದರು. ಅರ್ಧ ಜನಕ್ಕೆ ಚಿರೈತೊ, ಇನ್ನರ್ಧ ಜನಕ್ಕೆ ಅದೇ ಬಣ್ಣದ ಬರೀ ನೀರು. ಯಾರಿಗೆ ಯಾವುದು ಎಂಬುದು ಗುಟ್ಟು.

ಗುಟ್ಟಂತೆ ಗುಟ್ಟು! ಮೊದಲ ಗುಟುಕಿಗೇ ಅದು ಬಯಲಾಯಿತು. ಕಹಿಯಿಲ್ಲದ ಸೀಸೆ ಸಿಕ್ಕವರು ಒಬ್ಬೊಬ್ಬರಾಗಿ ಫುಂಗ್ಮಾಳ ಹಿತ್ತಿಲ ಬಾಗಿಲಿಗೆ ಬಂದು, ಅಲ್ಲಿ ಅಜ್ಜಿಯನ್ನು ಕರೆಯುವಂತೆ ಬೋಜು ಎಂದು ಕರೆದರು.

"ಬೋಜು, ಬಣ್ಣದ ನೀರು ಕೊಟ್ಟು ನನ್ನ ಮಂಗ ಮಾಡಿದಾರೆ ಕಣಜ್ಜಿ. ನಿಂದೇ ಒಂದ್ ಲೋಟ ಕೊಡು."

ಸುಡುವ ಮೈಯವರನ್ನು ಹಿಂದಕ್ಕೆ ಕಳಿಸಲು ಅವಳಿಗೆ ಮನಸ್ಸು ಬರಲಿಲ್ಲ. ಎಲ್ಲರಿಗೂ ಕುಡಿಸಿದಳು. ಎಲ್ಲರೂ ಎದ್ದು ಓಡಾಡಿದರು.

ಮರುವರ್ಷ ಊರಿನ ನರ್ಸ್ ಸಬಿತ್ರಾ ಬಂದು ವರದಿ ಓದಿ ಹೇಳಿದಳು. ಎರಡೂ ಗುಂಪಿನವರ ಜ್ವರ ಒಂದೇ ಸಮನೆ ಇಳಿದಿದೆ. ಆದ್ದರಿಂದ ಚಿರೈತೊ ಕೆಲಸ ಮಾಡುತ್ತದೆ ಎನ್ನಲು ಪುರಾವೆಯಿಲ್ಲ.

"ಇನ್ಮೇಲೆ ಯಾರಿಗೂ ಕೊಡಬಾರದಂತೆ ಬೋಜು," ಎಂದಳು ತಲೆ ತಗ್ಗಿಸಿ.

"ನಿನ್ನ ಗಂಡಾನೂ ಇಲ್ಲಿಗೇ ಬಂದು ಕುಡಿದು ಹೋದನಲ್ಲೇ. ಆ ಡಾಕ್ಟರುಗಳಿಗೆ ಅದನ್ನ ಹೇಳ್ಲಿಲ್ವಾ?"

"ಯಾರೂ ಕೇಳ್ಲಿಲ್ಲ."

ಫುಂಗ್ಮಾ ಕಡ್ಡಿ ನೆನೆಸಿದ್ದ ಪಾತ್ರೆ ಎತ್ತಿ ಅಂಗಳಕ್ಕೆ ಚೆಲ್ಲಿದಳು.

"ಥೂ! ಕಹಿ ರುಚಿ ನೋಡೋಕೆ ಮಾತ್ರ ಇತ್ತು ನಿಮಗೆಲ್ಲ ನಾಲಿಗೆ."