ಎದುರು ಮನೆಯ ಹೊಸ್ತಿಲಲ್ಲಿ ಕೆಂಪು ಮೊಟ್ಟೆ

ಮೊಟ್ಟೆ ಬೇಯುವಾಗ ಪಾತ್ರೆಯ ತಳಕ್ಕೆ ತಾಗಿ ತಾಗಿ ಮಾಡುವ ಟಕಟಕ ಸದ್ದನ್ನು ನೀವು ಕಿವಿಗೊಟ್ಟು ಕೇಳಿದ್ದೀರಾ? ಜೀವಮಾನವಿಡೀ ಒಲೆಯ ಮುಂದೆ ನಿಂತವಳಾದರೂ ನಾನು ಕೇಳಿದವಳಲ್ಲ. ಗಲ್ಫಿನ ಖಾಲಿದಿಯಾ ಬಡಾವಣೆಯ ಈ ಫ್ಲ್ಯಾಟಿನಲ್ಲಿ, ಮಗಳೂ ಅಳಿಯನೂ ಸಾಮಾನು ತರಲು ಹೋಗಿದ್ದ ಹೊತ್ತಿನಲ್ಲಿ, ಇನ್ನೂ ಮಾತು ಕೂಡಿಸಲು ಕಲಿಯುತ್ತಿರುವ ಮೊಮ್ಮಗಳು ಇಶಾನಿ “ಅಜ್ಜೀ, ಎಗ್ ಡ್ಯಾನ್ಸಿಂಗ್” ಎಂದಾಗಲೇ ಅದು ನನ್ನ ಕಿವಿಗೆ ಬಿದ್ದದ್ದು.

ಈಸ್ಟರಿಗೆ ಮೊಟ್ಟೆಗೆ ಬಣ್ಣ ಕಟ್ಟುವ ಯೋಚನೆ ಬಂದದ್ದು ಎದುರು ಫ್ಲ್ಯಾಟಿನ ಕ್ರೈಸ್ತ ಮುದುಕಿ, ಸೆವ್ರಿನ್ ಬಾಯಿ ಎಂಬವರಿಂದಾಗಿ. ಮೂಡಬಿದ್ರೆಯಿಂದ ಮಗನ ಮನೆಗೆ ಹೊಸದಾಗಿ ಬಂದವರು. ಹಗಲೆಲ್ಲ ಮಾತಿಗೆ ಜನವಿಲ್ಲದೆ, ನಮ್ಮ ಬಾಗಿಲಿನ ಸದ್ದಾದರೆ ಸಾಕು, ಹೊರಬಂದು ಇಶಾನಿಯನ್ನು ಕೈಚಾಚಿ ಕರೆಯುವರು. ಇವಳೋ ನನ್ನ ಸೀರೆಯ ನೆರಿಗೆಯಲ್ಲಿ ಮುಖ ಹುದುಗಿಸಿಬಿಡುವಳು. ಬಾಯಿ ಆ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಳ್ಳುವುದನ್ನು ನೋಡುವಾಗ ನನಗೇ ಸಂಕಟ. ಹಬ್ಬದ ನೆಪದಲ್ಲಾದರೂ ಇವಳ ಕೈಯಿಂದ ಅವರ ಕೈಗೆ ಏನಾದರೊಂದು ಹೋಗಲಿ ಎಂಬುದು ನನ್ನ ಆಸೆ.

ಕೆಲಸವೇನೋ ಬಲು ಸುಲಭ. ಒದ್ದೆ ಕೊತ್ತಂಬರಿ ಎಲೆಯೊಂದನ್ನು ಮಗುವಿನ ಬೆರಳಿನಿಂದಲೇ ಮೊಟ್ಟೆಯ ಮೇಲೆ ಒತ್ತಿಸಿ, ತೆಳು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ, ಅರಿಶಿನ ಧಾರಾಳವಾಗಿ ಕದಡಿದ ನೀರಿನಲ್ಲಿ ಬೇಯಿಸುವುದು. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುವ ಸೋಜಿಗವನ್ನು ನನಗೆ ಕಾಣಿಸಿಕೊಟ್ಟವಳು ನನ್ನಜ್ಜಿ. ಮದುಮಕ್ಕಳಿಗೆ ಆರತಿಯೆತ್ತುವ ನೀರನ್ನು ಅವಳು ಹಾಗೆಯೇ ಕದಡುತ್ತಿದ್ದಳು. ಎಲೆಯಡಿಕೆಯ ಸುಣ್ಣ ಇಲ್ಲಿ, ಅರಬಿ ಮಾತಿನಲ್ಲಿ ಹೇಳುವುದಾದರೆ, ‘ಮಾಫಿ’, ಸಿಗುವುದೇ ಇಲ್ಲ. ಅರಿಶಿನದ ನೀರಿಗೆ ಅಡುಗೆ ಸೋಡಾವೇ ಗತಿ. ಬಟ್ಟೆ ಬಿಚ್ಚಿದಾಗ ಕೆಂಪು ಮೊಟ್ಟೆಯ ಮೇಲೆ ಎಲೆಯ ನೆರಳು ಬೆಳ್ಳಗೆ ಮೂಡಿತ್ತು. ನೆರಳೂ ಬಿಳಿಯಾಗಿರಬಲ್ಲದೆಂದು ನಾನು ಕಂಡದ್ದು ಆಗಲೇ. ತನ್ನ ಕೆನ್ನೆಯ ಬೊಟ್ಟಿನಂಥದ್ದು ಇದಕ್ಕೂ ಬೇಕೆಂದು ಇಶಾನಿ ಹಠ ಹಿಡಿದಳು. ಕಾಡಿಗೆಯಿಂದ ದೃಷ್ಟಿಬೊಟ್ಟನ್ನೂ ಇಟ್ಟೆ.

ಮರುದಿನ ಬೆಳಿಗ್ಗೆ, ಕೊಡುವ ಆಸೆಯೂ ಕೊಡಲು ನಾಚಿಕೆಯೂ ಒಟ್ಟಿಗೇ ಬಂದು, ಅವಳು ಮೊಟ್ಟೆಯನ್ನು ಎದುರು ಮನೆಯ ಹೊಸ್ತಿಲಲ್ಲಿಟ್ಟು ಓಡಿಬಂದಳು. ನಾನು ನಗುತ್ತ ಬಾಗಿಲು ಮುಂದೆ ಮಾಡಿದೆ. ಉಡುಪಿಯ ಕಡೆ ಹುಟ್ಟಿ ಬೆಳೆದ ಹೆಂಗಸು ನಾನು. ಕೆಂಪು ಬಳಿದು ಕಪ್ಪು ಬೊಟ್ಟಿಟ್ಟ ಮೊಟ್ಟೆಯೊಂದು ಯಾರದಾದರೂ ಬಾಗಿಲಲ್ಲಿ ಕಂಡರೆ ನಮ್ಮೂರಿನಲ್ಲಿ ಜನ ಏನೆಂದುಕೊಳ್ಳುತ್ತಾರೆ ಎಂಬುದು, ನೋಡಿ, ನನಗೆ ಹೊಳೆಯಲೇ ಇಲ್ಲ.

ಸ್ವಲ್ಪ ಹೊತ್ತಿಗೆಲ್ಲ ಬಾಯಿಯ ಕೂಗು ಕೇಳಿತು. ಹೊರಗೆ ಹೋದರೆ, ಈಸ್ಟರಿನ ಇಗರ್ಜಿ ಪೂಜೆಗೆ ಹೊರಟ ಹೊಸ ಸೀರೆಯಲ್ಲಿ, ಕೈಯಲ್ಲಿ ಹಿಡಿಸೂಡಿ ಹಿಡಿದು ನಿಂತಿದ್ದಾರೆ.

“ಅಕ್ಕಾ, ಯಾರೋ ಮಾಟ ಮಾಡಿ ಇಟ್ಟಿದ್ದಾರೆ ಮಾರಾಯ್ರೆ. ವಿಮಾನ ಹತ್ತಿ ಬಂದ್ರೂ ಬಿಡುದಿಲ್ಲ ಈ ಜನ. ಮುಟ್ಬೇಡಿ, ನಾನು ಗುಡಿಸಿ ಹಾಕ್ತೇನೆ.”

ಊರು ಬಿಟ್ಟು ಬರುವಾಗ ಉಪ್ಪಿನಕಾಯಿ, ಹಪ್ಪಳಗಳ ಜೊತೆಗೆ ನಾವು ನಮ್ಮ ಹೆದರಿಕೆಗಳನ್ನೂ ಜತನದಿಂದ ಕಟ್ಟಿಕೊಂಡು ಬರುತ್ತೇವೆ. ಅವನ್ನು ತೂಗುವ ತಕ್ಕಡಿ ಏರ್‌ಪೋರ್ಟಿನಲ್ಲಿ ಇಲ್ಲ. ನನ್ನಜ್ಜಿಗೆ ಮಂಗಳವಾಗಿದ್ದ ಕೆಂಪೇ ಸೆವ್ರಿನ್ ಬಾಯಿಗೆ ಭಯವಾಗಿತ್ತು. ಇಶಾನಿಗೆ ಅದು ಬರೀ ಕೆಂಪು. ಇದನ್ನೆಲ್ಲ ಈಗ ಕೂತು ಬರೆಯುತ್ತಿದ್ದೇನೆ. ಆಗ ಮಾತ್ರ ನನಗೆ ಇಶಾನಿಯದೇ ಯೋಚನೆ. ಮಗು ಮೊದಲ ಬಾರಿಗೆ ತಾನಾಗಿ ಕೊಟ್ಟದ್ದನ್ನು ಅವಳ ಕಣ್ಣೆದುರೇ ಗುಡಿಸಿ ಎಸೆದರೆ, ಆ ಕೈ ಇನ್ನೊಮ್ಮೆ ಮುಂದೆ ಚಾಚೀತೇ?

ನಾನು ಮಾತೆತ್ತುವ ಮೊದಲೇ ಇಶಾನಿ ನನ್ನನ್ನು ದಾಟಿ ಹೋಗಿ, ಹಿಡಿಸೂಡಿಯ ಬುಡದಿಂದಲೇ ಮೊಟ್ಟೆಯನ್ನೆತ್ತಿಕೊಂಡು, ಎರಡೂ ಕೈಗಳಲ್ಲಿ ಮೇಲಕ್ಕೆ ಹಿಡಿದಳು. “ಮೈ ಎಗ್. ಫಾರ್ ಯೂ, ಬಾಯಮ್ಮ.”

ಬಾಯಿ ಮೊಟ್ಟೆಯನ್ನು ನೋಡಿದರು, ಅದರ ಬೊಟ್ಟನ್ನು ನೋಡಿದರು, ಮಗುವಿನ ಕೆನ್ನೆಯ ಬೊಟ್ಟನ್ನು ನೋಡಿದರು. “ನೀನು ಮಾಡಿದ್ದಾ ಮಗಾ ಇದು?” ಅವಳು ತಲೆಯಾಡಿಸಿದಳು. ಆದರೂ ಆ ಮುದುಕಿಯ ಕೈ ಮೇಲೇಳಲು ಒಂದು ಗಳಿಗೆ ಬೇಕಾಯಿತು. ಕೊನೆಗೆ ಹಿಡಿಸೂಡಿಯನ್ನು ಗೋಡೆಗೊರಗಿಸಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, ಹೊಸ ಸೀರೆಯೆಂಬುದನ್ನೂ ನೋಡದೆ ಹೊಸ್ತಿಲಲ್ಲೇ ಕುಳಿತರು. ಮೊಟ್ಟೆಯನ್ನು ಇಸಿದುಕೊಂಡು, ಬಾಗಿಲ ದಾರಂದಕ್ಕೆ ಕುಟ್ಟಿ, ಸುಲಿದು, ಎರಡು ಪಾಲು ಮಾಡಿದರು.

“ಮಾಟ ಆದ್ರೆ ನಮಗಿಬ್ಬರಿಗೂ ಒಟ್ಟಿಗೇ ಆಗ್ಲಿ,” ಎಂದು ಒಂದು ಪಾಲನ್ನು ಮಗುವಿನ ಬಾಯಿಗಿಟ್ಟು, ಇನ್ನೊಂದನ್ನು ತಾವು ಅಗಿಯುತ್ತ ನನ್ನತ್ತ ತಿರುಗಿದರು. “ಸಪ್ಪೆ ಉಂಟು ಅಕ್ಕ. ಒಂಚೂರು ಉಪ್ಪು ತನ್ನಿ.”

ನಾನು ಉಪ್ಪು ತರುವಷ್ಟರಲ್ಲಿ ಮೊಟ್ಟೆ ಮುಗಿದಿತ್ತು. ಇಶಾನಿ ಅವರ ಮಡಿಲಲ್ಲಿ ಕೂತು, ಕೆಂಪು ಚಿಪ್ಪಿನ ಚೂರುಗಳನ್ನು ಅವರ ಅಂಗೈಯಲ್ಲಿ ಒಂದೊಂದಾಗಿ ಜೋಡಿಸುತ್ತಿದ್ದಳು.