ಏರಿನಲ್ಲಿ ಎಳೆಯದ ಗಾಡಿ

ನನ್ನ ಯಜಮಾನರು ಕಾರು ರಿಪೇರಿ ಮಾಡುವವರು. ಮನೆಗೆ ಅಂಟಿಕೊಂಡೇ ಗ್ಯಾರೇಜು. ಅಡುಗೆಮನೆಯ ಕಿಟಕಿ ತೆಗೆದರೆ ಸಾಕು, ಸಾರಿಗೆ ಡೀಸೆಲ್ ವಾಸನೆ. ಫೋನು ಎತ್ತುವುದು, ಸಾಮಾನು ತರುವುದು, ಜಿಡ್ಡಿನ ಬಟ್ಟೆ ಒಗೆಯುವುದು ನನ್ನ ಪಾಲು. ಅವರಿಗೆ ಸೊಂಟ ನೋವು, ನನಗೆ ಮಂಡಿ ನೋವು. ಸಾಕು ಮಾಡಿ ಎಂದು ವರ್ಷಗಳಿಂದ ಗೋಗರೆಯುತ್ತಿದ್ದೆ. ಕಿವಿಗೆ ಹಾಕಿಕೊಂಡವರಲ್ಲ.

ಆದರೆ ಈಚೆಗೆ ಅವರಿಗೂ ಒಂದು ಭಯ ಹಿಡಿದಿತ್ತು. ತಂದ ಬೋಲ್ಟನ್ನೇ ಮತ್ತೆ ತಾ ಎಂದು ಕಳಿಸುತ್ತಿದ್ದರು. ಕೈಯಲ್ಲಿ ಸ್ಪ್ಯಾನರ್ ಹಿಡಿದು, ಯಾತಕ್ಕೆ ಎತ್ತಿಕೊಂಡೆ ಎಂದು ನಿಂತುಬಿಡುತ್ತಿದ್ದರು. ನಾನು ಕಂಡೂ ಕಾಣದ ಹಾಗೆ ಇರುತ್ತಿದ್ದೆ. ಕೈ ನೆಟ್ಟಗಿದ್ದು ತಲೆ ಕೈಕೊಟ್ಟರೆ ಈ ಕೆಲಸ ಬಿಟ್ಟುಹೋಗುತ್ತದೆ ಎಂಬುದು ಅವರ ಭಯ. ಕೆಲಸ ಬಿಟ್ಟರೆ ಆ ಮನುಷ್ಯನಲ್ಲಿ ಏನು ಉಳಿಯುತ್ತದೆ ಎಂಬುದು ನನ್ನ ಭಯ. ಹಾಗಿದ್ದೂ ಸಾಕು ಮಾಡಿ ಎನ್ನುವುದನ್ನು ನಾನು ಬಿಟ್ಟಿರಲಿಲ್ಲ. ಬಾಯಿ ಚಟ.

ಅಂಥದರಲ್ಲಿ ಬಾಡಿಗೆ ಕಾರಿನ ಡ್ರೈವರು ಮುಖ ಊದಿಸಿಕೊಂಡು ಬಂದ. ಗುಡ್ಡದ ಮೇಲಿನ ಆಸ್ಪತ್ರೆಗೆ ಜನರನ್ನು ಕರೆದೊಯ್ಯುವವನು, ನಮ್ಮ ಹಳೇ ಗಿರಾಕಿ. ಹಿಂದಿನ ವಾರವಷ್ಟೇ ಟರ್ಬೊದ ಗಾಳಿ ಪೈಪು ಸೀಳಿದೆ ಎಂದು ಇವರು ಬದಲಿಸಿ ಕಳಿಸಿದ್ದರು. ಟರ್ಬೊ ಎಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪುಟ್ಟ ಫ್ಯಾನು. ಆ ಒತ್ತಡ ಕಡಿಮೆಯಾದರೆ ಗಾಡಿ ಸಮತಟ್ಟಿನಲ್ಲಿ ಹೇಗೋ ಓಡುತ್ತದೆ, ಏರು ಕಂಡರೆ ಕೂತುಬಿಡುತ್ತದೆ. ಈಗ ಮೊದಲಿಗಿಂತ ಕಡೆಯಾಗಿದೆ ಎಂದು ಕೀಲಿ ಕೊಟ್ಟು ಹೋದ.

ಇವರು ಬೆಳಗಿನಿಂದ ಅದರ ಬೆನ್ನು ಹತ್ತಿದರು. ಸ್ಕ್ಯಾನರ್ ಹಾಕಿದರೆ ಒತ್ತಡ ಸಾಲದು ಎನ್ನುತ್ತಿತ್ತು, ಯಾಕೆ ಎಂದು ಹೇಳುತ್ತಿರಲಿಲ್ಲ. ಅಷ್ಟು ನಾನೂ ಹೇಳುತ್ತಿದ್ದೆ. ಜೋಡಣೆಗಳಿಗೆಲ್ಲ ಸೋಪಿನ ನೀರು ಬಳಿದು ಒಳಗೆ ಗಾಳಿ ಬಿಟ್ಟರು. ಎಲ್ಲೂ ಗುಳ್ಳೆ ಏಳಲಿಲ್ಲ, ಅಂದರೆ ಸೋರಿಕೆಯಿಲ್ಲ. ಟರ್ಬೊದ ಫ್ಯಾನನ್ನು ಬೆರಳಲ್ಲಿ ತಿರುಗಿಸಿದರು. ಅಲುಗಾಟವಿಲ್ಲ, ಎಲ್ಲೂ ಉಜ್ಜುತ್ತಿಲ್ಲ. ಬೇರೆ ಗ್ಯಾರೇಜಿನವರಾದರೆ ಟರ್ಬೊ ಹೋಯಿತು ಎಂದು ಕೈ ತೊಳೆದುಕೊಳ್ಳುತ್ತಿದ್ದರು. ಇವರು ಊಟವನ್ನೂ ಅರ್ಧಕ್ಕೆ ಬಿಟ್ಟು ಎದ್ದರು.

ಆಮೇಲೆ ಒತ್ತಡ ಅಳೆಯುವ ಎರಡು ಗೇಜು ಕಟ್ಟಿದರು. ಒಂದು ಟರ್ಬೊದಿಂದ ಗಾಳಿ ಹೊರಡುವ ಕಡೆ, ಇನ್ನೊಂದು ಎಂಜಿನ್ನಿಗೆ ಸೇರುವ ಕಡೆ. ಅವುಗಳ ಸಣ್ಣ ಪೈಪುಗಳನ್ನು ಕಿಟಕಿಯಿಂದ ಒಳಗೆಳೆದು, ಎರಡು ಗೇಜನ್ನೂ ನನ್ನ ತೊಡೆಯ ಮೇಲಿಟ್ಟು, ಮುಳ್ಳು ನೋಡುತ್ತಿರು ಎಂದರು. ಏರಿಗೆ ಗಾಡಿ ಬಿಟ್ಟೆವು. ಟರ್ಬೊ ಕಡೆಯ ಮುಳ್ಳು ಸರ್ರನೆ ಮೇಲೆ ಹೋಯಿತು. ಎಂಜಿನ್ ಕಡೆಯದು ಅರ್ಧಕ್ಕೇ ನಿಂತಿತು. ಹೇಳಿದೆ. ಅವರು ಗಾಡಿ ತಿರುಗಿಸಿದರು. ಹೊರಟ ಗಾಳಿ ಸೋರುತ್ತಿಲ್ಲ, ತಲುಪುತ್ತಲೂ ಇಲ್ಲ. ಹಾಗಾದರೆ ನಡುವೆ ಏನೋ ಅಡ್ಡ ಕೂತಿದೆ. ನನಗಿದು ಆಮೇಲೆ ಅರ್ಥವಾಯಿತು. ಅವರಿಗೆ ಅಲ್ಲೇ ಆಗಿತ್ತು. ಮನೆ ಬರುವವರೆಗೂ ಅವರ ಮುಖ ನೋಡಲಾಗಲಿಲ್ಲ.

ಪೈಪು ಬಿಚ್ಚಿದಾಗೆಲ್ಲ ಅದರ ಬಾಯಿಗೆ ಬಟ್ಟೆ ತುರುಕುವುದು ಈ ಕೆಲಸದವರ ರೂಢಿ, ನಟ್ಟೋ ಧೂಳೋ ಒಳಗೆ ಬೀಳದಿರಲಿ ಎಂದು. ತುದಿ ಮಾತ್ರ ಹೊರಗೆ ನೇತಾಡಬೇಕು, ಮರೆಯಬಾರದಲ್ಲ. ಇವರು ಬಾಗಿದ ಪೈಪಿನೊಳಗೆ ಕೊಕ್ಕೆ ಇಳಿಸಿ ಎಳೆದರು. ಎಣ್ಣೆಯಲ್ಲಿ ನೆಂದ ಬಟ್ಟೆ, ಮುದ್ದೆಯಾಗಿ ಬಂತು. ಹಿಂದಿನ ವಾರ ನಾನೇ ಅವರ ಹಳೇ ಅಂಗಿ ಹರಿದು ಕೊಟ್ಟ ತುಂಡು.

ಅವರು ಅದನ್ನು ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತರು. ನೋಡಿದಿರಾ, ನಾನು ಬಡಕೊಂಡಿದ್ದು ಇದಕ್ಕೇ ಎನ್ನಲು ಅದಕ್ಕಿಂತ ಒಳ್ಳೆ ಹೊತ್ತು ಸಿಗುತ್ತಿರಲಿಲ್ಲ. ನನ್ನ ಬಾಯಿಂದ ಬಂದದ್ದೇ ಬೇರೆ.

"ಇಲ್ಲಿ ಕೊಡಿ ಅದನ್ನ, ಬಿಸಾಕ್ತೀನಿ. ಡ್ರೈವರಿಗೆ ಯಾವ್ದೋ ವಾಲ್ವ್ ಸಿಕ್ಕಾಕ್ಕೊಂಡಿತ್ತು ಅಂದ್ರಾಯ್ತು."

"ನಾಳೆ ಮತ್ತೆ ಮರೀತೀನಿ. ಆಗ ಏನಂತೀಯಾ?"

ಡ್ರೈವರು ಬಂದಾಗ ಬಟ್ಟೆಯನ್ನು ಬಾನೆಟ್ ಮೇಲೆ ಇಟ್ಟು, ಇದನ್ನು ಒಳಗೆ ಬಿಟ್ಟವನು ನಾನೇ ಎಂದರು. ಜಗಳಕ್ಕೆ ಉತ್ತರ ಹುಡುಕಿಟ್ಟುಕೊಂಡಿದ್ದೆ. ಅವನು ಜಗಳವಾಡಲಿಲ್ಲ. ಏರಿಗೆ ಹೋಗಿ ಬಂದು, ಎಳೀತಿದೆ ಎಂದ. ಆಮೇಲೆ ಕೀಲಿಯನ್ನು ಕೈಯಲ್ಲಿ ಆಡಿಸುತ್ತ ಹೇಳಿದ.

"ಅಣ್ಣ, ನಿನ್ನೆ ಏರಲ್ಲಿ ನಿಂತೋದಾಗ ಹಿಂದೆ ಲಾರಿ ಇತ್ತು. ಗಾಡೀಲಿ ತುಂಬು ಬಸುರಿ ಇದ್ಲು."

ಅಷ್ಟು ಹೇಳಿ ಹೋದ. ಬೈದಿದ್ದರೆ ಇಬ್ಬರಿಗೂ ಹಗುರಾಗುತ್ತಿತ್ತು.

ಇವರು ಸಾಮಾನುಗಳನ್ನು ಒಂದೊಂದಾಗಿ ಒರೆಸಿ ಗೋಡೆಗೆ ತೂಗುಹಾಕಿದರು. ಶಟರ್ ಎಳೆದು ಬೀಗ ಹಾಕಿ, ಬೀಗದ ಕೈ ತಂದು ನನ್ನ ಅಂಗೈಯಲ್ಲಿಟ್ಟರು.

"ನಾಳೆಯಿಂದ ತೆಗೀಬೇಡ. ನೀನು ಹೇಳಿದ್ದೇ ಸರಿ, ಸಾಕು."

ಈ ಮಾತಿಗಾಗಿ ಎಷ್ಟು ವರ್ಷದಿಂದ ಕಾದಿದ್ದೆ. ಹೊಟ್ಟೆ ತಣ್ಣಗಾಗಬೇಕಿತ್ತು. ಬಾಗಿಲಲ್ಲಿ ನಿಂತ ಆ ಮನುಷ್ಯನನ್ನು ನೋಡಿದೆ. ತೋಳು ಜೋತುಬಿದ್ದಿದ್ದವು, ಎಲ್ಲಿ ಇಡಬೇಕೆಂದು ಗೊತ್ತಿಲ್ಲದವರ ಹಾಗೆ.

"ಅದು ಹೇಗಾಗುತ್ತೆ? ಬೆಳಿಗ್ಗೆ ಒಂದು ಗಾಡಿ ಬರುತ್ತೆ, ಫೋನಲ್ಲಿ ಒಪ್ಪಿಕೊಂಡಿದ್ದೀನಿ. ಬಾನೆಟ್ ಮುಚ್ಚೋ ಮುಂಚೆ ನನ್ನ ಕರೀರಿ, ನಾನೂ ಬಗ್ಗಿ ನೋಡ್ತೀನಿ."

ಯಾವ ಗಾಡಿ ಎಂದು ಕೇಳಿದರು. ಮರೆತುಹೋಯಿತು ಎಂದೆ. ಅವರು ನನ್ನ ಮುಖವನ್ನೇ ನೋಡಿದರು, ಆಮೇಲೆ ಕೈ ಚಾಚಿ ಬೀಗದ ಕೈ ವಾಪಸು ತೆಗೆದುಕೊಂಡರು. ಆ ದಿನ ಯಾರ ಫೋನೂ ಬಂದಿರಲಿಲ್ಲ.