ತನ್ನ ಹೊಟ್ಟೆ ತಾನೇ ಅಳೆಯದ ಇಲಾರಿಯಾ

ತುಕುಮಾನ್ ಊರಿನ ಸಕ್ಕರೆ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಹುಟ್ಟಿ ಬೆಳೆದವರಲ್ಲಿ ಇಲಾರಿಯಾಳ ಕೈಗೆ ಹೊಟ್ಟೆ ಒಡ್ಡದವರು ಸಿಗುವುದು ಕಷ್ಟ. ತಿಂದದ್ದು ಕರುಳಿಗೆ ಅಂಟಿಕೊಂಡು ಮಗು ಊಟ ಬಿಟ್ಟಿತೆಂದರೆ ತಾಯಂದಿರು ನೇರ ಅವಳ ಬಾಗಿಲಿಗೇ ಬರುತ್ತಿದ್ದರು. ಅವಳು ಕೆಂಪು ರಿಬ್ಬನ್ನಿನ ಒಂದು ತುದಿಯನ್ನು ಮಗುವಿನ ಹೊಟ್ಟೆಯ ಮೇಲೆ ಹಿಡಿಸಿ, ಇನ್ನೊಂದು ತುದಿಯಿಂದ ಮೊಳ ಹಾಕುತ್ತಾ ಬರುತ್ತಿದ್ದಳು. ಮೂರನೆಯ ಮೊಳಕ್ಕೆ ಬೆರಳು ಮಗುವಿನ ಎದೆಗೇರಿದರೆ ಅಜೀರ್ಣ. ಬಾಯೊಳಗೇ ಪ್ರಾರ್ಥನೆ ಗೊಣಗಿ, ಬೆನ್ನಿನ ಚರ್ಮವನ್ನು ಲಟಕ್ಕೆನ್ನುವ ಹಾಗೆ ಎಳೆದು, ಬೋಲ್ದೊ ಎಲೆಯ ಕಷಾಯ ಕುಡಿಸಿ ಕಳಿಸುತ್ತಿದ್ದಳು. ಬೆರಳು ಹೊಟ್ಟೆಯ ಮೇಲೇ ಬಿದ್ದರೆ ಅದು ಬೇರೆ ಕಾಯಿಲೆ. ಆಗ ಮುಲಾಜಿಲ್ಲದೆ ಆಸ್ಪತ್ರೆಗೆ ಅಟ್ಟುತ್ತಿದ್ದಳು.

ಆ ಚಳಿಗಾಲ ಅವಳ ಹೊಟ್ಟೆಯೇ ಕೈಕೊಟ್ಟಿತು. ಊಟ ಸೇರದು, ಲಂಗ ಸೊಂಟದಲ್ಲಿ ನಿಲ್ಲದು. ಔಷಧಿ ಅಂಗಡಿಯಿಂದ ಲಿವರ್ ಹನಿ ಬಂತು, ನೊರೆಯುಕ್ಕುವ ಉಪ್ಪು ಬಂತು, ರೇಡಿಯೋದಲ್ಲಿ ಹೊಗಳಿದ ಟಾನಿಕ್ಕೂ ಬಂತು. ಲೋಕದ ಹೊಟ್ಟೆಯನ್ನೆಲ್ಲ ಒಂದೇ ಸೀಸೆಯಲ್ಲಿ ಗುಣಪಡಿಸುತ್ತೇವೆ ಎನ್ನುವವರ ಬಾಯಿಗೆ ಬೀಗ ಹಾಕುವವರಿಲ್ಲ. ನೋವು ಮಾತ್ರ ಇದ್ದಲ್ಲೇ ಇತ್ತು.

"ಆಸ್ಪತ್ರೆಗೆ ಹೋಗೋಣ ಬಾಮ್ಮ," ಎಂದು ಮಗಳು ನೆಲಿದಾ ದಿನಾ ಗೋಗರೆಯುತ್ತಿದ್ದಳು.

"ಅಜೀರ್ಣಕ್ಕೆಲ್ಲ ಯಾರಾದ್ರೂ ಆಸ್ಪತ್ರೆಗೆ ಹೋಗ್ತಾರೇನೆ?"

"ಅಜೀರ್ಣ ಅಂತ ಅಳೆದು ನೋಡಿದ್ಯಾ?"

"ತನ್ನ ಹೊಟ್ಟೆ ತಾನೇ ಅಳೆಯೋ ಹಾಗಿಲ್ಲ. ನಿಂಗೊತ್ತಿಲ್ವಾ?"

"ನಾನಿಲ್ವಾ? ಹೋದ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಪ್ರಾರ್ಥನೆ ಹೇಳಿಕೊಟ್ಟಿದ್ದು ಯಾರಿಗೆ, ಬೆಕ್ಕಿಗಾ?"

ಆ ಒಂದು ರಾತ್ರಿ ಬಿಟ್ಟು ಬೇರೆ ಯಾವಾಗಲೂ ಹೇಳಿಕೊಡಬಾರದ ಮಾತುಗಳು ಅವು. ಅವನ್ನು ಪಡೆದವಳು ಅಳೆಯುತ್ತೇನೆಂದರೆ ಬೇಡವೆನ್ನುವ ಹಾಗಿಲ್ಲ. ಇಲಾರಿಯಾಗೆ ಇಷ್ಟು ದಿನವೂ ಹೆದರಿಕೆಯಿದ್ದದ್ದು ಆಸ್ಪತ್ರೆಯದಲ್ಲ, ಈ ಅಳತೆಯದೇ. ರಿಬ್ಬನ್ನಿನ ತುದಿಯನ್ನು ಹೊಟ್ಟೆಗೊತ್ತಿಕೊಂಡು ಕೂತಳು. ನೆಲಿದಾ ಒಂದು ಮೊಳ ಹಾಕಿದಳು, ಇನ್ನೊಂದು ಹಾಕಿದಳು, ಆಮೇಲೆ ತಾಯಿಯ ಮುಖ ನೋಡಿದಳು. ಏರಲಿ, ದೇವರೇ ಏರಲಿ ಎಂದು ಆ ಮುಖ ಬೇಡಿಕೊಳ್ಳುತ್ತಿತ್ತು. ಅಷ್ಟು ಹಟ ಹಿಡಿದಿದ್ದ ನೆಲಿದಾಗೂ ಧೈರ್ಯ ಸಾಲಲಿಲ್ಲ. ಬೆರಳು ಎದೆ ಮುಟ್ಟಿತು.

"ನೋಡಮ್ಮ, ಅಜೀರ್ಣಾನೇ."

ಇಲಾರಿಯಾಗೆ ಜೀವ ಬಂದಂತಾಯಿತು. ಆ ಮಾತನ್ನು ನಂಬಿ ಸುಮ್ಮನಿದ್ದುಬಿಡಬಹುದಿತ್ತು. ಆದರೆ ಕೊನೆಯ ಮೊಳದಲ್ಲಿ ರಿಬ್ಬನ್ ಸಡಿಲವಾದದ್ದು ಅವಳ ಕೈಗೆ ತಿಳಿದಿತ್ತು.

"ಜಾರಿಸಿದೆ."

"ಇಲ್ಲಮ್ಮ..."

"ತಾಯಂದಿರು ನನ್ನ ಕಾಲು ಹಿಡ್ಕೊಂಡು ಅತ್ತಿದಾರೆ ಕಣೇ, ಅಜೀರ್ಣ ಅಂತ ಹೇಳಿ ಅಂತ. ನಾನು ಜಾರಿಸಿದ್ರೆ ಆ ಮಕ್ಕಳು ಮಣ್ಣಾಗ್ತಿದ್ವು. ಬಿಗಿಯಾಗಿ ಹಿಡಿ."

ನೆಲಿದಾ ಮತ್ತೆ ಅಳೆದಳು. ಬೆರಳು ಹೊಟ್ಟೆಯ ಮೇಲೇ ಬಿತ್ತು. ಅವಳು ಕೈ ತೆಗೆಯಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಬಾಯಿಬಿಟ್ಟು ಹೇಳು," ಎಂದಳು ಇಲಾರಿಯಾ. "ಅಳೆದವಳೇ ಹೇಳ್ಬೇಕು."

"ಇದು ನಮ್ಮ ಕೈಲಾಗೋದಲ್ಲಮ್ಮ."

ಮಗಳು ಬಿಕ್ಕಿ ಅಳತೊಡಗಿದಳು. ಇಲಾರಿಯಾ ಅವಳ ತಲೆ ಸವರಿದಳು. ಅಳತೆ ತಪ್ಪಿಲ್ಲವೆಂದು ಹೆಮ್ಮೆಯೂ ಆಯಿತು, ಸಂಕಟವೂ ಆಯಿತು.

"ಶಾಲು ತಗೊಂಡು ಬಾ. ಆಸ್ಪತ್ರೆ ಒಳಗೂ ನೀನು ಜೊತೇಲಿರು," ಎಂದಳು. "ಎಷ್ಟೋ ಜನಾನ ಕಳಿಸಿದೀನಿ ಮಗಳೇ, ಒಬ್ಬಳೇ ಹೋಗೋಕೆ ನಂಗೇ ಭಯ."